ಕದಗಳ ಮೇಲೆ ಕುಣಿಸಿದ ನಮ್ಮತ್ತೆ

ಹಳೆಯ ಮನೆಯ ಕಟ್ಟಿಗೆಯ ಬಾಗಿಲು ಬೇಕೆಂದು ಯಾರಾದರೂ ಜೇವರ್ಗಿಗೆ ಬಂದರೆ ಬರಿಗೈಯಲ್ಲಿ ವಾಪಸು ಹೋಗಬೇಕಾಗುತ್ತದೆ. ಒಂದೂ ಉಳಿದಿಲ್ಲ! ಇದ್ದಬದ್ದ ಬಾಗಿಲುಗಳನ್ನೆಲ್ಲ ಒಬ್ಬ ಹೆಂಗಸು ಒಯ್ದಿದ್ದಾಳೆ. ಹಾಡಹಗಲೇ, ಮನೆಯವರ ಕಣ್ಣೆದುರೇ, ಅವರ ತಲೆಯ ಮೇಲೇ ಹೊರಿಸಿಕೊಂಡು ಒಯ್ದಿದ್ದಾಳೆ. ಪೊಲೀಸರಿಗೆ ಯಾಕೆ ಹೇಳಲಿಲ್ಲ ಅನ್ನುತ್ತೀರಾ? ಹವಾಲ್ದಾರರ ಮನೆಯ ಬಾಗಿಲೂ ಅವಳ ಹತ್ತಿರವೇ ಇದೆ. ಅವರ ಮಗಳು ಈಗ ಅದರ ಮೇಲೆ ಕುಣಿಯುತ್ತಾಳೆ. ಈ ಬಾಗಿಲುಗಳ್ಳಿ ಬೇರೆ ಯಾರೂ ಅಲ್ಲ, ನನ್ನ ತಂದೆಯ ಒಡಹುಟ್ಟಿದ ತಂಗಿ, ಅಂದರೆ ನನ್ನ ಸೋದರತ್ತೆ.

ನಮ್ಮತ್ತೆಯ ಕಸುಬು ಮಕ್ಕಳಿಗೆ ಐರಿಶ್ ಡ್ಯಾನ್ಸ್ ಕಲಿಸುವುದು. ಹೌದು, ಸರಿಯಾಗಿಯೇ ಓದಿದಿರಿ. ಕೋಲಾಟವಲ್ಲ, ಲೇಜಿಮ್ ಅಲ್ಲ, ಸಿನಿಮಾ ಕುಣಿತವೂ ಅಲ್ಲ. ಐರ್ಲೆಂಡ್ ಭೂಪಟದಲ್ಲಿ ಎಲ್ಲಿದೆ ಎಂದು ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರೇ ಎರಡು ಸಲ ಕನ್ನಡಕ ಒರೆಸಿಕೊಂಡು ಹುಡುಕಬೇಕಾಯಿತು. ಅಂಥ ದೇಶದ ಕುಣಿತವನ್ನು ವಿಜಯಪುರ ರಸ್ತೆಯ ಲಾರಿ ಹಾರ್ನುಗಳ ನಡುವೆ, ಒಂದು ಕಾಲಕ್ಕೆ ತೊಗರಿ ಚೀಲ ಇಡುತ್ತಿದ್ದ ಗೋದಾಮಿನಲ್ಲಿ, ವಾರಕ್ಕೆ ನಾಲ್ಕು ದಿನ ಕಲಿಸುತ್ತಾಳೆ. ವಯಸ್ಸು ಐವತ್ತೆಂಟು. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಹಾರಿದಳೆಂದರೆ ಗೋದಾಮಿನ ಪಾರಿವಾಳಗಳು ಜಾಗ ಬಿಟ್ಟುಕೊಡುತ್ತವೆ. ನಾನು ಗಣಿತದ ಮೇಷ್ಟ್ರು. ಲೆಕ್ಕ ತಪ್ಪಿ ಮಾತಾಡುವುದು ನನಗೆ ಆಗಿಬರುವುದಿಲ್ಲ, ಆದ್ದರಿಂದ ನಂಬಿ.

ನಮ್ಮ ಮೂಲ ಹಳ್ಳಿ ಸರಸಂಬಾದ ಹುಡುಗಿಗೆ ಐರ್ಲೆಂಡಿನ ನಂಟು ಹೇಗೆ ಬಂತು? ಕಲಬುರಗಿಯಲ್ಲಿ ನರ್ಸಿಂಗ್ ಓದಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ನಲವತ್ತು ದಾಟಿದ ಮೇಲೆ ಆ ದೇಶದ ಒಂದು ಸಣ್ಣ ಊರಿನ ವೃದ್ಧರ ಆಸ್ಪತ್ರೆಗೆ ಹೋದಳು. ಬಾಡಿಗೆಗೆ ಸಿಕ್ಕ ಕೋಣೆ ಮಹಡಿಯ ಮೇಲೆ. ಕೆಳಗೆ ಏನಿದೆ ಎಂದು ಯಾರೂ ಹೇಳಿರಲಿಲ್ಲ. ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ಹಾಸಿಗೆಯ ಅಡಿಯಿಂದ ಟಕಟಕ ಟಕಟಕ! ಮುಂದಿನದನ್ನು ಅವಳ ಬಾಯಿಂದಲೇ ಕೇಳಬೇಕು.

"ನಾಕ ದಿನಾ ತಡಕೊಂಡೆ. ಐದನೇ ದಿನಾ ತಲಿ ಕೆಟ್ಟು ಜಗಳಾ ಮಾಡಾಕಂತ ಕೆಳಗ ಇಳದೆ ನೋಡು. ಸಣ್ಣ ಸಣ್ಣ ಪೋರಿಗೋಳು, ಕಟ್ಟಿಗಿ ನೆಲದ ಮ್ಯಾಲ ಕಾಲೀಲೆ ತಬಲಾ ಬಾರಸಾಕತ್ತಿದ್ವು. ಜಗಳ ಮರತೇ ಹೋತು. ಟೀಚರ್ ಬಾಯಿ ನನ್ನ ಆರು ವರ್ಷದ ಹುಡುಗ್ಯಾರ ಸಾಲಿನ್ಯಾಗ ನಿಂದರಿಸಿದಳು. ಬಾಜೂಕಿನ ಪೋರಿ ನನ್ನ ನೋಡಿ ಏನಂದಳು ಗೊತ್ತದ? ಅಂಜಬ್ಯಾಡ, ನಾನೂ ಮೊದಲ ಬೀಳ್ತಿದ್ದೆ ಅಂದಳು."

"ಮತ್ತ ನಿದ್ದಿ ಯಾವಾಗ ಮಾಡಿದಿ ಅತ್ತಿ?"

"ಜೇವರ್ಗಿಗೆ ಬಂದ ಮ್ಯಾಲ."

ಹೀಗೆ ಹನ್ನೊಂದು ವರ್ಷ ಕಲಿತು, ಕಲಿಸುವ ಪರೀಕ್ಷೆಯನ್ನೂ ಪಾಸು ಮಾಡಿ ಅತ್ತೆ ಊರಿಗೆ ಬಂದಳು. ಜೇವರ್ಗಿಯಲ್ಲಿ ನಮ್ಮ ಮನೆಯ ಮಹಡಿ ಖಾಲಿಯಿತ್ತು, ಅಲ್ಲೇ ಇಳಿದಳು. ಪರದೇಶದಿಂದ ಬಂದವಳ ಪೆಟ್ಟಿಗೆ ಬಿಚ್ಚುವಾಗ ಬಂಧುಬಳಗ ಹೇಗೆ ಸುತ್ತುಗಟ್ಟುತ್ತದೆ ಎಂದು ನಿಮಗೆ ಗೊತ್ತೇ ಇದೆ. ಸೆಂಟಿನ ಬಾಟಲಿಗೆಂದು ಸರಸಂಬಾದಿಂದ ಬಂದವರಿದ್ದರು, ಚಾಕಲೇಟಿಗೆಂದು ಅಫಜಲಪುರದಿಂದ ಬಂದವರಿದ್ದರು. ಪೆಟ್ಟಿಗೆಯಿಂದ ಹೊರಬಂದದ್ದು ಏಳು ಜೊತೆ ಕರಿ ಬೂಟು ಮತ್ತು ಗುಂಗುರು ಗುಂಗುರಾದ ಒಂದು ಕೆಂಪು ಕೂದಲಿನ ವಿಗ್ಗು! ಅಲ್ಲಿ ಸ್ಪರ್ಧೆಗೆ ಇಳಿಯುವ ಹೆಣ್ಣುಮಕ್ಕಳು ಅದನ್ನು ಹಾಕಿಕೊಳ್ಳುತ್ತಾರಂತೆ. ನಮ್ಮ ಆಯಿ, ಅಂದರೆ ನಮ್ಮ ಅಜ್ಜಿ, ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮಗಳನ್ನು ಕೇಳಿದಳು: "ಇದ್ಯಾರ ತಲಿ ಬೋಳಿಸಿ ಬಂದೀ ಬೇ?"

ಬೂಟು, ವಿಗ್ಗು ಹೋಗಲಿ. ನಮ್ಮೂರಿಗೆ ನಿಜವಾಗಿ ನುಂಗಲಾಗದ ತುತ್ತಾಗಿದ್ದು ಆ ಕುಣಿತದ ಕಾನೂನು. ಐರಿಶ್ ಡ್ಯಾನ್ಸಿನಲ್ಲಿ ಕೈ ಅಲ್ಲಾಡಿಸುವಂತಿಲ್ಲ! ಎರಡೂ ಕೈ ಮುಷ್ಟಿ ಕಟ್ಟಿ, ಪಕ್ಕಕ್ಕೆ ಇಳಿಬಿಟ್ಟು, ಎದೆ ಸೆಟೆದು, ಮುಖ ನೇರ ಇಟ್ಟು ನಿಲ್ಲಬೇಕು. ಸೊಂಟದ ಕೆಳಗೆ ಏನು ಗದ್ದಲವಾದರೂ ಸೊಂಟದ ಮೇಲಿನ ಭಾಗಕ್ಕೆ ಸುದ್ದಿ ಹೋಗಬಾರದು. ಮೊದಲ ಸಲ ಅತ್ತೆ ಅಂಗಳದಲ್ಲಿ ಕುಣಿದು ತೋರಿಸಿದಾಗ ಪಕ್ಕದ ಮನೆಯವರು, "ಪಾಪ, ಅರ್ಧಾ ಕಲ್ತು ಬಂದಾಳ. ಮ್ಯಾಲಿಂದು ಬಾಕಿ ಅದ" ಎಂದು ಮರುಗಿದರು. ನಾವು ಹೋಗುವ ಬೌದ್ಧ ವಿಹಾರದಲ್ಲಿ ಬುದ್ಧ ಪೂರ್ಣಿಮೆಯ ದಿನ ಕುಣಿದಾಗ ಮಾತ್ರ ನಮ್ಮ ಹಿರಿಯರೊಬ್ಬರು ತಲೆದೂಗಿದರು: "ಇದು ನಮಗ ಬರೋಬ್ಬರಿ ಅದ. ಮ್ಯಾಲ ಧ್ಯಾನ, ಕೆಳಗ ಧೂಮಧಾಮ!"

ಕ್ಲಾಸು ಶುರುವಾಯಿತು. ತೊಗರಿ ವ್ಯಾಪಾರಿಯೊಬ್ಬರು ಮೊಮ್ಮಗಳನ್ನು ಸೇರಿಸಿ ಗೋದಾಮು ಬಿಟ್ಟುಕೊಟ್ಟರು. ಮೊದಲ ದಿನವೇ ಅತ್ತೆ ನೆಲ ನೋಡಿ ತಲೆಯ ಮೇಲೆ ಕೈ ಹೊತ್ತಳು. ನಮ್ಮ ಕಡೆ ಎಲ್ಲಿ ನೋಡಿದರೂ ಪರಸಿ ಕಲ್ಲಿನ ನೆಲ ತಾನೇ? "ಪರಸಿ ಮ್ಯಾಲ ಕುಣಿದ್ರ ಮಕ್ಕಳ ಮೊಣಕಾಲು ಖಲಾಸ್. ನಾ ನರ್ಸ್ ಅದೇನಿ. ಮೊಣಕಾಲು ಮುರಿಯೋ ಡ್ಯಾನ್ಸ್ ಕಲಸಂಗಿಲ್ಲ" ಎಂದಳು. ಕಟ್ಟಿಗೆಯ ನೆಲ ಎಲ್ಲಿಂದ ತರುವುದು? ಒಂದು ವಾರ ಊರೆಲ್ಲ ಓಣಿ ಓಣಿ ಅಡ್ಡಾಡಿ ಬಂದಳು. ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದವರೆಲ್ಲ ತಾತಮುತ್ತಾತರ ಬಾಗಿಲುಗಳನ್ನು ಹಿತ್ತಲ ಗೋಡೆಗೆ ಆನಿಸಿ ಇಟ್ಟಿದ್ದಾರೆ, ಅದರ ಸಂದಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿವೆ ಎಂದು ಕಂಡುಹಿಡಿದಳು. ಮರುದಿನ ಗೋದಾಮಿಗೆ ಬೋರ್ಡು ಬಿತ್ತು: ಪ್ರವೇಶಕ್ಕೆ ಒಂದು ಬಾಗಿಲು ತರತಕ್ಕದ್ದು.

ಜನ ನಕ್ಕರು. ಆಮೇಲೆ ತಂದರು! ಒಂದೇ ತಿಂಗಳಲ್ಲಿ ಇಪ್ಪತ್ತಮೂರು ಬಾಗಿಲು. ಬೇವಿನದು, ಸಾಗವಾನಿಯದು, ಹಸಿರು ಬಣ್ಣದ್ದು, ಹಿಂಬದಿಗೆ "ಸುಸ್ವಾಗತ" ಎಂದು ಬರೆದದ್ದು. ಬಡಗಿ ಕೆಲಸದ ತಂದೆಯೊಬ್ಬರು ಎಲ್ಲವನ್ನೂ ಕೆತ್ತಿ ಸಪಾಟು ಮಾಡಿ, ಅಡಿಗೆ ಟ್ರ್ಯಾಕ್ಟರ್ ಟೈರಿನ ತುಂಡು ಇಟ್ಟು ಹಾಸಿದರು. ಹೆಜ್ಜೆ ಇಟ್ಟರೆ ಒಂದಿಷ್ಟು ಪುಟಿಯುವ ಅಂಥ ನೆಲ ಕಲಬುರಗಿಯಲ್ಲೂ ಇಲ್ಲ. ಹವಾಲ್ದಾರರ ಬಾಗಿಲಿನ ಚಿಲಕ ಮಾತ್ರ ಏನು ಮಾಡಿದರೂ ಕಿತ್ತುಬರಲಿಲ್ಲ. ಅದರ ಮೇಲೆ ಯಾರು ಹಾರಿದರೂ ಝಣ್ ಎನ್ನುತ್ತಿತ್ತು. ಅತ್ತೆ ಅದನ್ನೂ ತಾಳಕ್ಕೆ ಹಚ್ಚಿದಳು.

ಇಷ್ಟಾದರೂ ಮೂಲೆಯಲ್ಲಿ ಒಂದು ಬಾಗಿಲಿನಷ್ಟು ಜಾಗ ಖಾಲಿ ಉಳಿದಿತ್ತು. ಒಂದು ದಿನ ನಾನು ಶಾಲೆ ಮುಗಿಸಿ ಬಂದು ಕೈಕಾಲು ತೊಳೆಯಲು ಹೋದರೆ ನಮ್ಮ ಬಚ್ಚಲುಮನೆಗೆ ಬಾಗಿಲಿಲ್ಲ! ಅದರ ಜಾಗದಲ್ಲಿ ಹೆಂಡತಿಯ ಹಳೆಯ ಸೀರೆ ತೂಗುತ್ತಿದೆ.

"ಇದೇನಿದು?" ಎಂದು ಕೂಗಿದೆ.

ಅಡಿಗೆಮನೆಯಿಂದ ಹೆಂಡತಿ ಹೇಳಿದಳು: "ನಿಮ್ಮ ಮಗಾ ಡ್ಯಾನ್ಸ್‌ಗೆ ಸೇರ್ಯಾನ್ರಿ. ಫೀಜು ತುಂಬೇವಿ."

ಆಮೇಲೆ ಎರಡು ತಿಂಗಳು ನಾನು ಸ್ನಾನ ಮಾಡುವಷ್ಟು ಹೊತ್ತೂ ಗಟ್ಟಿಯಾಗಿ ಹದಿನೇಳರ ಮಗ್ಗಿ ಹೇಳುತ್ತಿದ್ದೆ, ಒಳಗೆ ಆಳು ಇದ್ದಾನೆ ಎಂದು ತಿಳಿಯಲಿ ಅಂತ. ಎದುರು ಮನೆಯ ಹುಡುಗ ಆ ವರ್ಷ ಗಣಿತದಲ್ಲಿ ಪಾಸಾದ.

ಬೂಟಿನದು ಇನ್ನೊಂದು ಕಥೆ. ಈ ಡ್ಯಾನ್ಸಿನ ಬೂಟಿಗೆ ಮುಂದೆ ತುದಿಗೂ ಹಿಂದೆ ಹಿಮ್ಮಡಿಗೂ ಗಟ್ಟಿ ತುಂಡು ಇರಬೇಕು, ಶಬ್ದ ಬರುವುದೇ ಅದರಿಂದ. ಮಕ್ಕಳಿಗೆ ತರಿಸುವುದು ಎಲ್ಲಿಂದ? ಬಸ್‌ ನಿಲ್ದಾಣದ ಎದುರು ಚಪ್ಪಲಿ ಹೊಲೆಯುವ ಕಾಕಾ ಒಬ್ಬರಿದ್ದಾರೆ. ಅತ್ತೆ ತನ್ನ ಬೂಟು ಅವರ ಮುಂದೆ ಇಟ್ಟಳು. ಅವರು ತಿರುಗಿಸಿ ನೋಡಿದರು, ಬೆರಳಿನಿಂದ ಬಡಿದರು, ಕಿವಿಗೆ ಹಿಡಿದರು.

"ಸಿಸ್ಟರಮ್ಮ, ಇದು ಮನಶಾರ ಬೂಟೋ ಕುದುರೀದೋ?"

"ಮಕ್ಕಳದು ಕಾಕಾ. ಮಾಡಾಕ ಬರ್ತದೇನು?"

"ಮಾಡೇನಿ. ಆದ್ರ ಒಂದು ಶರತ್ತು. ಅದು ಹೆಂಗ ಸಪ್ಪಳಾ ಮಾಡ್ತದಂತ ನನಗ ಕೇಳಸಬೇಕು."

ಜಾಲಿ ಕಟ್ಟಿಗೆಯ ತುಂಡು ಕೆತ್ತಿ, ತಾಮ್ರದ ಮೊಳೆ ಹೊಡೆದು, ಹಳೆಯ ಶಾಲೆ ಬೂಟುಗಳಿಗೇ ಕೂರಿಸಿಕೊಟ್ಟರು. ಶರತ್ತಿನ ಪ್ರಕಾರ ಸಂಜೆ ಗೋದಾಮಿನ ಹೊರಗೆ ಬೀಡಿ ಹಚ್ಚಿಕೊಂಡು ಕೂತರು. ಹೀಗೆ ಕೂತವರು ಮುಂದೆ ಒಂದು ದಿನವೂ ತಪ್ಪಿಸಲಿಲ್ಲ. ಒಳಗೆ ಬಂದು ನೋಡುವುದಿಲ್ಲ, ಬರೀ ಕೇಳುತ್ತಾರೆ. ನಡುನಡುವೆ ಹೊರಗಿನಿಂದಲೇ ಕೂಗುತ್ತಾರೆ: "ಸಿಸ್ಟರಮ್ಮ, ಆ ಕಡೀ ಹುಡುಗನ ಎಡಗಾಲಿಂದು ಮೊಳಿ ಸಡಲಾಗ್ಯದ ನೋಡ್ರಿ!" ಅತ್ತೆ ನೋಡಿದರೆ ಸಡಿಲಾಗಿಯೇ ಇರುತ್ತದೆ.

ತಾಳ ಕಲಿಸಿದ ರೀತಿಯನ್ನಂತೂ ಹೇಳಲೇಬೇಕು. ಅಲ್ಲಿಯವರು ಇಂಗ್ಲಿಷಿನಲ್ಲಿ ಎಣಿಸುತ್ತಾರಂತೆ. ನಮ್ಮ ಮಕ್ಕಳು ಎಣಿಸಲು ಹೋದರೆ ಬಾಯಿಯೊಂದು ಕಡೆ, ಕಾಲೊಂದು ಕಡೆ. ಒಂದು ದಿನ ಅತ್ತೆ ಊಟಕ್ಕೆ ಕೂತವಳು ತಟ್ಟೆಯನ್ನು ದಿಟ್ಟಿಸುತ್ತ ಕೈ ತೊಳೆಯುವುದನ್ನೂ ಮರೆತಳು. ಮರುದಿನ ಗೋದಾಮಿನಲ್ಲಿ ಹೊಸ ಪಾಠ: "ಕಡಕ ರೊಟ್ಟಿ ಬದನಿ ಪಲ್ಯ, ಕಡಕ ರೊಟ್ಟಿ ಬದನಿ ಪಲ್ಯ!" ಹೇಳಿ ನೋಡಿ, ಮೂರು ಮೂರು ಮಾತ್ರೆ ಬರೋಬ್ಬರಿ ಬೀಳುತ್ತದೆ. ಜಿಗ್ ಎಂಬ ಕುಣಿತದ ತಾಳ ಅದೇ. ರೀಲ್ ಎಂಬ ಇನ್ನೊಂದಕ್ಕೆ ನಾಲ್ಕು ನಾಲ್ಕು ಬೇಕು: "ಶೇಂಗಾ ಹೋಳಿಗಿ, ಶೇಂಗಾ ಹೋಳಿಗಿ!" ಮಕ್ಕಳು ಆ ದಿನದಿಂದ ತಾಳ ತಪ್ಪಲಿಲ್ಲ. ತೊಂದರೆ ಒಂದೇ, ಕ್ಲಾಸು ಮುಗಿಯುವಷ್ಟರಲ್ಲಿ ಎಲ್ಲರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಅದಕ್ಕೇ ತಾಯಂದಿರು ಸರದಿ ಹಾಕಿಕೊಂಡು ಬುತ್ತಿ ತರತೊಡಗಿದರು. ಜಿಗ್ ಇದ್ದ ದಿನ ರೊಟ್ಟಿ, ರೀಲ್ ಇದ್ದ ದಿನ ಹೋಳಿಗೆ. ಮಕ್ಕಳು ದಿನಾಲೂ ರೀಲೇ ಕಲಿಸಿ ಎಂದು ಹಟ ಹಿಡಿದರು.

ಇನ್ನು ಕೈಗಳ ಸಮಸ್ಯೆ. ನಮ್ಮ ಮಕ್ಕಳಿಗೆ ಕೈ ಬೀಸದೆ ಹೆಸರು ಹೇಳಲೂ ಬರುವುದಿಲ್ಲ, ಕುಣಿಯುವುದು ಹೇಗೆ? ಅತ್ತೆ ಪ್ರತಿಯೊಬ್ಬರ ಎರಡೂ ಮುಷ್ಟಿಗೆ ಒಂದೊಂದು ಜೋಳದ ಕಾಳು ಕೊಟ್ಟಳು. ಕಾಳು ಬಿದ್ದರೆ ಮೊದಲಿನಿಂದ ಶುರು. ಮೊದಲ ವಾರ ಗೋದಾಮಿನಲ್ಲಿ ಬಿದ್ದ ಕಾಳಿಗೆ ಓಣಿಯ ಕೋಳಿಗಳೆಲ್ಲ ಪ್ರವೇಶ ಪಡೆದವು. ನನ್ನ ಮಗನಂತೂ ದಿನಕ್ಕೊಂದು ಹಿಡಿ ಬಿತ್ತುತ್ತಿದ್ದ.

ಎಡಗೈಯ ಕಾಳನ್ನು ಒಂದು ಸಲವೂ ಬೀಳಿಸದವಳು ಒಬ್ಬಳೇ, ಅಂಬಿಕಾ. ಒಂಬತ್ತು ವರ್ಷದ ಹುಡುಗಿ. ಮಣ್ಣೂರಿನವರು, ತಾಯಿಗೆ ಇಲ್ಲಿಯ ಹಾಸ್ಟೆಲಿನಲ್ಲಿ ಅಡಿಗೆ ಕೆಲಸ ಸಿಕ್ಕಿ ಬಂದವರು. ಅವಳ ಎಡಗೈ ಹುಟ್ಟಿದಾಗಿನಿಂದ ಮೇಲೇಳುವುದಿಲ್ಲ. ಬೆರಳು ಹಿಡಿಯುತ್ತವೆ, ಭುಜ ಮಾತ್ರ ಮಾತು ಕೇಳುವುದಿಲ್ಲ. ಸೇರಿಸಲು ಬಂದ ದಿನ ತಾಯಿ ತಲೆಯ ಮೇಲಿನ ಬಾಗಿಲನ್ನು ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದ್ದಳು: "ಹಾದೀಗುಂಟ ಕುಣಕೋತ ಬರ್ತದ್ರಿ ಸಿಸ್ಟರಮ್ಮ ಇದು. ಆದ್ರ ಹ್ವಾದ ವರ್ಷ ಸಾಲಿ ಗ್ಯಾದರಿಂಗಿನ್ಯಾಗ ಎಲ್ಲಾರಿಗೂ ಡ್ಯಾನ್ಸ್ ಕೊಟ್ಟು ಇದಕ್ಕ ಗಿಡದ ಪಾರ್ಟ್ ಕೊಟ್ರು. ಹಾಡು ಮುಗಿಯೂ ತನಕಾ ಹಿಂದ ಗಿಡಾ ಆಗಿ ನಿಂತಿತ್ತು." ಅತ್ತೆ ಆ ಬಾಗಿಲನ್ನು ಗೋಡೆಗೆ ಆನಿಸಿದಳು. "ನಾಳಿಂದ ಕಳಸವ್ವ" ಎಂದಳು, ಅಷ್ಟೇ. ಆ ಗಿಡದ ಪಾರ್ಟು ಕೊಟ್ಟ ಮೇಷ್ಟ್ರು ಯಾರು ಎಂದು ಈಗ ಕೇಳಬೇಡಿ, ಆಮೇಲೆ ಹೇಳುತ್ತೇನೆ.

ಎಂಟು ಮಕ್ಕಳು ತಯಾರಾದರು. ಈ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಅವರನ್ನು ಸ್ಟೇಜಿನ ಮೇಲೆ ನಿಲ್ಲಿಸಬೇಕು ಎಂಬುದು ಅತ್ತೆಯ ಒಂದೇ ಆಸೆ. ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಊರಿಗೆ ಒಂದು ಸಲವಾದರೂ ತೋರಿಸಬೇಡವೇ? ನಮ್ಮ ಶಾಲೆ ಸಣ್ಣ ಖಾಸಗಿ ಶಾಲೆ, ಗ್ಯಾದರಿಂಗಿನ ಉಸ್ತುವಾರಿ ಪ್ರತಿವರ್ಷ ನನ್ನದೇ. ಕೆಲಸ ಸಲೀಸು ಎಂದುಕೊಂಡೆ. ಹೆಡ್‌ಮಾಸ್ತರರು ಅಭ್ಯಾಸ ನೋಡಲು ಗೋದಾಮಿಗೆ ಬಂದರು, ಕೊನೆಯ ತನಕ ನೋಡಿದರು, ನನ್ನನ್ನು ಹೊರಗೆ ಕರೆದರು.

"ಸರ್, ಕಾಲು ಫಸ್ಟ್‌ಕ್ಲಾಸ್ ಅದಾವ. ಕೈ ಎಲ್ಲಿ ಹೋದ್ವ್ರೀ?"

"ಈ ಡ್ಯಾನ್ಸಿನ್ಯಾಗ ಕೈ ಇರಂಗಿಲ್ರಿ ಸರ್."

"ಹಂಗಂದ್ರ ಹೆಂಗ್ರೀ? ಪ್ರಾರ್ಥನಾಕ್ಕ ನಿಂತಂಗ ನಿಂತಾವ. ಮುಖ್ಯ ಅತಿಥಿಗೋಳು ಏನಂದಾರು? ನಡಬರಕ ಬ್ಯಾಡ, ಕಡೀಕರ ಎಲ್ಲಾ ಕೂಡಿ ಕೈ ಮ್ಯಾಲ ಎತ್ತಿ ಒಂದು ನಮಸ್ಕಾರ ಹೊಡೀಲಿ. ಇಲ್ಲಾಂದ್ರ ಲಿಸ್ಟಿನ್ಯಾಗ ಹಾಕಂಗಿಲ್ಲ ನೋಡ್ರಿ."

ಒಂದು ನಮಸ್ಕಾರ! ಎಷ್ಟು ನ್ಯಾಯವಾದ ಮಾತು! ಖುಷಿಯಿಂದ ಅತ್ತೆಗೆ ಹೇಳಿದೆ. ಅವಳು ಬೂಟಿನ ದಾರ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ಕೈ ಎತ್ತಂಗಿಲ್ಲ."

"ಅತ್ತಿ, ಡ್ಯಾನ್ಸ್ ಮುಗದ ಮ್ಯಾಲ ಎತ್ತೂದು. ನಿನ್ನ ಐರ್ಲೆಂಡಿನವ್ರು ಇಲ್ಲಿ ಬಂದು ನೋಡ್ತಾರೇನು?"

"ಯಾರೂ ನೋಡಬ್ಯಾಡ. ಕೈ ಎತ್ತಂಗಿಲ್ಲ ಅಂದ್ರ ಎತ್ತಂಗಿಲ್ಲ."

"ಹಂಗಾದ್ರ ಸ್ಟೇಜ್ ಇಲ್ಲ."

"ಬ್ಯಾಡ ಬಿಡು. ನಮಗ ಬಾಗಲಾ ಅದಾವ."

ನನಗೆ ಸಿಟ್ಟು ಬಂತು. ಇದೆಂಥ ಹಟ? ಬಾಗಿಲು ಹೊತ್ತ ಇಷ್ಟು ಮಂದಿಯ ಶ್ರಮ, ಕಾಕಾನ ಮೊಳೆ, ತಾಯಂದಿರ ಬುತ್ತಿ ಎಲ್ಲ ಒಂದು ನಮಸ್ಕಾರಕ್ಕಾಗಿ ನೀರುಪಾಲಾಗಬೇಕೆ? ಬಚ್ಚಲುಮನೆಯ ಬಾಗಿಲು ಕಳೆದುಕೊಂಡವನಿಗೆ ಅಷ್ಟೂ ಹಕ್ಕಿಲ್ಲವೇ? ಆಗ ನಾನೊಂದು ಜಾಣತನ ಮಾಡಿದೆ. ಹೆಡ್‌ಮಾಸ್ತರರಿಗೆ "ಅತ್ತಿ ಕಬೂಲ್ ಆಗ್ಯಾಳ್ರಿ" ಎಂದೆ. ಅತ್ತೆಗೆ "ಹೆಡ್‌ಮಾಸ್ತರ್ ಕಬೂಲ್ ಆಗ್ಯಾರ" ಎಂದೆ. ಗ್ಯಾದರಿಂಗಿನ ಹಿಂದಿನ ದಿನ ಅತ್ತೆ ಮಹಡಿಯಲ್ಲಿದ್ದ ಸಮಯ ನೋಡಿ ಗೋದಾಮಿಗೆ ಹೋಗಿ, ಸಾಲಾಗಿ ನಿಂತಿದ್ದ ಎಂಟೂ ಮಕ್ಕಳಿಗೆ ಗುಟ್ಟಾಗಿ ಹೇಳಿದೆ: "ಡ್ಯಾನ್ಸ್ ಮುಗದ ಕೂಡಲೆ ಎಲ್ಲಾರೂ ಎರಡೂ ಕೈ ಎತ್ತಿ ನಮಸ್ಕಾರ ಮಾಡಬೇಕು. ಸಿಸ್ಟರಮ್ಮಗ ಹೇಳಬ್ಯಾಡ್ರಿ. ತಿಳೀತೇನು?" ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ "ಹೂಂ ಸರ್" ಎಂದರು. ಎಂಟು ಮಕ್ಕಳು ಸೇರಿ ಅಷ್ಟು ಸಣ್ಣ ದನಿಯಲ್ಲಿ ಹೂಂ ಅಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅದರ ಅರ್ಥವೂ ನನಗೆ ಹೊಳೆಯಲಿಲ್ಲ.

ಗ್ಯಾದರಿಂಗಿನ ದಿನ ಇನ್ನೊಂದು ತಮಾಷೆ. ಶಾಲೆಯ ಸ್ಟೇಜೂ ಪರಸಿಯದೇ! ಮಧ್ಯಾಹ್ನ ಎರಡಕ್ಕೆ ತಂದೆತಾಯಂದಿರು ಹನ್ನೆರಡು ಬಾಗಿಲು ತಲೆಯ ಮೇಲೆ ಹೊತ್ತು ಹೆದ್ದಾರಿಯಲ್ಲಿ ಸಾಲಾಗಿ ಹೊರಟರು. ಮುಂದೆ ಹವಾಲ್ದಾರರು ಸಮವಸ್ತ್ರದಲ್ಲಿ, ತಲೆಯ ಮೇಲೆ ಚಿಲಕದ ಬಾಗಿಲು. ಹಿಂದೆ ನಾನು, ನನ್ನ ಬಚ್ಚಲುಮನೆಯ ಬಾಗಿಲಿನೊಂದಿಗೆ. ಲಾರಿಯೊಂದು ನಿಂತೇಬಿಟ್ಟಿತು. ಡ್ರೈವರ್ ಇಳಿದು ಕಾಳಜಿಯಿಂದ ಕೇಳಿದ: "ಏನ್ರೀ, ಊರಿಗೆ ಊರೇ ಖಾಲಿ ಮಾಡಾಕತ್ತೀರೇನು?" ಅಂಬಿಕಾಳ ತಾಯಿ ಬಾಗಿಲಿನ ಕೆಳಗಿನಿಂದಲೇ ಉತ್ತರ ಕೊಟ್ಟಳು: "ಇಲ್ಲೋ ಅಣ್ಣಾ, ಮಕ್ಕಳು ಕುಣೀತಾವ. ಬರ್ತೀಯೇನು?" ಅವನು ನಿಜವಾಗಿಯೂ ಬಂದ!

ಸಂಜೆ ನಾಲ್ಕಕ್ಕೆ ನಮ್ಮ ಎಂಟು ಮಕ್ಕಳು ಬಾಗಿಲುಗಳ ಮೇಲೆ ನಿಂತರು. ಕೈ ಪಕ್ಕಕ್ಕೆ, ಮುಷ್ಟಿಯಲ್ಲಿ ಕಾಳು. ಪಿಟೀಲಿನ ಹಾಡು ಶುರುವಾಯಿತು, ಕಾಲುಗಳು ಎದ್ದವು. ನೋಡುವವರು ಮೊದಲು ಕಿಸಕ್ಕೆಂದರು. ಆಮೇಲೆ ಕತ್ತು ಮುಂದೆ ಚಾಚಿ ನೋಡತೊಡಗಿದರು. ಅರ್ಧಕ್ಕೆ ಬಂದಿತ್ತೋ ಇಲ್ಲವೋ, ಕರೆಂಟು ಹೋಯಿತು! ಹಾಡು ನಿಂತಿತು, ಮೈಕು ಸತ್ತಿತು. ಆದರೆ ಕಾಲುಗಳು ನಿಲ್ಲಲಿಲ್ಲ. ಟಕಟಕ ಟಕಟಕ, ನಡುವೆ ಚಿಲಕದ ಝಣ್. ನನ್ನ ಹಿಂದಿನಿಂದ ಒಂದು ಹೆಣ್ಣುದನಿ ಎದ್ದಿತು, ಅಂಬಿಕಾಳ ತಾಯಿಯದು: "ಕಡಕ ರೊಟ್ಟಿ ಬದನಿ ಪಲ್ಯ!" ಅದಕ್ಕೆ ಬಡಗಿ ಸೇರಿದರು, ನನ್ನ ಹೆಂಡತಿ ಸೇರಿದಳು. ಕಣ್ಣು ಮುಚ್ಚಿ ಕೂತಿದ್ದ ಕಾಕಾ ಸೇರಿದರು. ಲಾರಿ ಡ್ರೈವರ್ ಎಲ್ಲರಿಗಿಂತ ಜೋರಾಗಿ ಸೇರಿದ. ಎರಡು ನಿಮಿಷದಲ್ಲಿ ಇಡೀ ಮೈದಾನವೇ ರೊಟ್ಟಿ ಪಲ್ಯ ಎಂದು ಕೂಗುತ್ತಿತ್ತು. ಮುಖ್ಯ ಅತಿಥಿಗಳ ಕಾಲೂ ಮೇಜಿನ ಕೆಳಗೆ ತಾಳ ಹಾಕುತ್ತಿದ್ದುದನ್ನು ಈ ಕಣ್ಣಿಂದಲೇ ನೋಡಿದೆ.

ಕೊನೆಯ ಹೆಜ್ಜೆ ಬಿತ್ತು. ಎಂಟು ಜೊತೆ ಬೂಟು ಒಟ್ಟಿಗೇ ನಿಂತವು. ಚಪ್ಪಾಳೆಗೆ ಮೊದಲೇ ಹೆಡ್‌ಮಾಸ್ತರರು ಸ್ಟೇಜಿನ ಪಕ್ಕದಿಂದ ಕೂಗಿದರು: "ಹಾಂ, ಮಕ್ಕಳೇ, ಕೈ ಎತ್ರಿ! ನಮಸ್ಕಾರ!" ನಾನೂ ಕೆಳಗಿನಿಂದ ಎರಡೂ ಕೈ ಎತ್ತಿ ಸನ್ನೆ ಮಾಡಿದೆ.

ಯಾರೂ ಎತ್ತಲಿಲ್ಲ. ಸಾಲಿನ ತುದಿಗೆ ಹವಾಲ್ದಾರರ ಮಗಳು, ಎಲ್ಲರಿಗಿಂತ ಚಿಕ್ಕವಳು, ಬಲಗೈ ಒಂದಿಷ್ಟು ಮೇಲೆ ತಂದಳು. ಪಕ್ಕಕ್ಕೆ ತಿರುಗಿ ಸಾಲನ್ನು ನೋಡಿದಳು. ಮೆಲ್ಲಗೆ ಕೆಳಗಿಳಿಸಿದಳು. ನನ್ನ ಮಗ ನೇರ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದ, ಮುಷ್ಟಿ ಬಿಚ್ಚಲಿಲ್ಲ. ಎಂಟೂ ಮಕ್ಕಳು ಕೈ ಪಕ್ಕಕ್ಕೆ ಇಟ್ಟುಕೊಂಡೇ ಒಟ್ಟಿಗೆ ತಲೆ ಬಾಗಿಸಿದರು.

ಆ ಸಾಲಿನ ನಡುವೆ ಅಂಬಿಕಾ ಇದ್ದಳು.

ಹೌದು, ಹೋದ ವರ್ಷ ಅವಳನ್ನು ಗಿಡ ಮಾಡಿ ನಿಲ್ಲಿಸಿದ ಮೇಷ್ಟ್ರು ನಾನೇ. ಕೈ ಎತ್ತಲು ಬರುವುದಿಲ್ಲ, ಸಾಲು ಕೆಡುತ್ತದೆ ಎಂದು ಹಸಿರು ಕಾಗದ ಸುತ್ತಿ ಹಿಂದೆ ನಿಲ್ಲಿಸಿದ್ದೆ. ಅಂಥ ನಾನೇ ಈ ಆರು ತಿಂಗಳಲ್ಲಿ ಅವಳ ಕೈಯನ್ನು ಮರೆತುಬಿಟ್ಟಿದ್ದೆ! ಎಂಟು ಮಕ್ಕಳ ಸಾಲಿನಲ್ಲಿ ಯಾರ ಕೈ ಏಳುತ್ತದೆ, ಯಾರದು ಏಳುವುದಿಲ್ಲ ಎಂದು ಹೇಳಲು ಬರುತ್ತಲೇ ಇರಲಿಲ್ಲ. ಅತ್ತೆಗೆ ಗೊತ್ತಿತ್ತು. ಮಕ್ಕಳಿಗೂ ಗೊತ್ತಿತ್ತು. ನಮಸ್ಕಾರ ಮಾಡಿ ಎಂದು ಗುಟ್ಟಾಗಿ ಹೇಳಿ ಬಂದ ದಡ್ಡ ಇಡೀ ಜೇವರ್ಗಿಯಲ್ಲಿ ನಾನೊಬ್ಬನೇ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಚಪ್ಪಾಳೆ ಶುರುವಾಯಿತು. ಹೆಡ್‌ಮಾಸ್ತರರೂ ಹೊಡೆಯುತ್ತಿದ್ದರು. ನಾನು ಜನರನ್ನು ಸರಿಸಿಕೊಂಡು ಸ್ಟೇಜಿನ ಪಕ್ಕಕ್ಕೆ ಹೋದೆ. ಪರದೆಯ ಮರೆಯಲ್ಲಿ ಅತ್ತೆ ಸೆಟೆದು ನಿಂತಿದ್ದಳು. ಎರಡೂ ಕಣ್ಣಿಂದ ನೀರು ಗಲ್ಲದ ಮೇಲೆ ಇಳಿದು ದುಪಟ್ಟಾ ತೋಯುತ್ತಿತ್ತು. ಒರೆಸಿಕೊಂಡಿರಲಿಲ್ಲ. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ಮುಷ್ಟಿ ಕಟ್ಟಿದ್ದಳು.

"ತಪ್ಪಾತು ಅತ್ತಿ" ಎಂದೆ. "ಕಣ್ಣರ ಒರಸ್ಕೋ."

"ಸುಮ್ಮ ನಿಂದರೋ" ಎಂದಳು, ಸ್ಟೇಜಿನಿಂದ ಕಣ್ಣು ಕೀಳದೆ. "ನನ್ನ ಮಕ್ಕಳು ಇನ್ನಾ ಮ್ಯಾಲೇ ಅದಾವ."

ನಾನೂ ಕೈ ಇಳಿಬಿಟ್ಟು ಅವಳ ಪಕ್ಕದಲ್ಲಿ ನಿಂತೆ.